ಮೇಲಿನ ಗೆರೆ ದಾಟಿದ ಎಣ್ಣೆ

ಬೆಳಿಗ್ಗೆ ಎದ್ದು ಮುಖ ತೊಳೆದುಕೊಂಡವನೇ ಕಾರಿನ ಬಾನೆಟ್ ಎತ್ತಿ, ಎಂಜಿನ್ನಿನ ಸಂದಿಯಿಂದ ಒಂದು ತೆಳ್ಳನೆಯ ಉಕ್ಕಿನ ಕಡ್ಡಿಯನ್ನು ಎಳೆದು, ಹಳೆಯ ಬನಿಯನ್ನಿನ ತುಂಡಿನಿಂದ ಒರೆಸಿ, ಮತ್ತೆ ಒಳಗೆ ತೂರಿಸಿ, ಮತ್ತೆ ಎಳೆದು ನೋಡುವ ಚಟವೊಂದು ಇತ್ತೀಚೆಗೆ ನನಗೆ ಅಂಟಿಕೊಂಡಿದೆ. ಕಡ್ಡಿಯ ತುದಿಯಲ್ಲಿ ಎರಡು ಗೆರೆಗಳಿರುತ್ತವೆ. ಎಂಜಿನ್ ಎಣ್ಣೆ ಆ ಎರಡರ ನಡುವೆ ಇದ್ದರೆ ಕ್ಷೇಮ. ಇಷ್ಟನ್ನು ನೋಡಲು ನಾನು ತೆಗೆದುಕೊಳ್ಳುವ ಹೊತ್ತನ್ನು ಕಂಡು ಇಂಡಿ ಊರಿನ ನಮ್ಮ ಓಣಿಯ ಜನ ನಗುತ್ತಾರೆ. “ಏನ್ ಕಂಟ್ರೋಲರ್ ಸಾಹೇಬ್ರ, ಇವತ್ತ ಜ್ವರಾ ಎಷ್ಟೈತ್ರಿ?” ಎಂದು ಎದುರು ಮನೆಯವರು ಕೇಳುತ್ತಾರೆ. ನಾನೂ ನಗುತ್ತೇನೆ. ಆದರೆ ಆ ಕಡ್ಡಿ ಕೈಯಲ್ಲಿ ಹಿಡಿದಾಗಲೆಲ್ಲ ನಾಚಿಕೆಯಿಂದ ಕಿವಿ ಬಿಸಿಯಾಗುತ್ತದೆ. ಯಾಕೆಂದು ಅವರಿಗೆ ಹೇಳಿಲ್ಲ. ನಿಮಗೆ ಹೇಳಬಹುದು. ನೀವು ನಮ್ಮ ಓಣಿಯವರಲ್ಲ.

ಕಂಟ್ರೋಲರ್ ಎಂದರೆ ದೊಡ್ಡ ಸಾಹೇಬ ಎಂದು ತಿಳಿಯಬೇಡಿ. ಬಸ್ ಸ್ಟ್ಯಾಂಡಿನ ಕಿಟಕಿಯ ಹಿಂದೆ ಕುಳಿತು, “ಸಿಂದಗಿ ಬಸ್ ಯಾವಾಗ್ರಿ?” ಎಂದವರಿಗೆ “ಬರ್ತೈತಿ, ಕುಂದರ್ರಿ” ಎನ್ನುವ ನೌಕರಿ. ನಿವೃತ್ತನಾಗುವವರೆಗೂ ಅದನ್ನೇ ಅಂದೆ. ಬೇರೆಯವರ ಗಾಡಿ ತಡವಾದದ್ದಕ್ಕೆ ಉತ್ತರ ಹೇಳುತ್ತ ಆಯುಷ್ಯ ಸವೆಸಿದ ನನಗೆ ಒಂದು ಲಾಭವೂ ಆಯಿತು. ಬಸ್ಸುಗಳ ಹೊಗೆ ಕುಡಿದು ಕುಡಿದು, ಹೊಗೆಯ ವಿಷಯದಲ್ಲಿ ನಾನೊಬ್ಬ ಪಂಡಿತ ಎಂಬ ಭಾವನೆ ಬೆಳೆಯಿತು. ಕಪ್ಪು ಹೊಗೆ ಬಂದರೆ ಎಂಜಿನ್ನಿಗೆ ಗಾಳಿ ಸಾಲುತ್ತಿಲ್ಲ. ಬಿಳಿ ಹೊಗೆ ಬಿಡದೆ ಬಂದರೆ ಒಳಗೆ ನೀರು ಇಳಿದಿದೆ. ನೀಲಿ ಹೊಗೆ ಬಂದರೆ ಎಣ್ಣೆ ಉರಿಯುತ್ತಿದೆ. ಚಹಾದಂಗಡಿಯಲ್ಲಿ ಕುಳಿತು ಈ ಮೂರು ಮಾತನ್ನು ಎಷ್ಟು ಜನರ ತಲೆಗೆ ತುಂಬಿದ್ದೇನೋ ಲೆಕ್ಕವಿಲ್ಲ. ಕೇಳಿದವರೂ ಕೇಳದವರೂ ಅದರಲ್ಲಿದ್ದರು.

ಕಾರು ಸಿಂದಗಿಯ ಬಟ್ಟೆ ಅಂಗಡಿಯ ದಸ್ತಗೀರಸಾಬರದು. ಅವರು ಹೊಸದು ತೆಗೆದುಕೊಂಡಾಗ ಹಳೆಯದನ್ನು ನನಗೆ ಮಾರಿದರು. ಪೆಟ್ರೋಲ್ ಕಾರು, ಸಣ್ಣದು, ಬಿಳಿಯದು. ಕೀಲಿ ಕೈಗೆ ಕೊಡುವಾಗ, “ಇದು ಕಡಿಮಿ ಉಣ್ಣೂ ಗಾಡಿ ಐತ್ರಿ, ಜೋಪಾನ” ಎಂದಿದ್ದರು. ಪೆಟ್ರೋಲಿನ ಮಾತು ಎಂದುಕೊಂಡೆ.

ನಮಗೆ ಒಬ್ಬಳೇ ಮಗಳು, ಸವಿತಾ. ಮುದ್ದೇಬಿಹಾಳಕ್ಕೆ ಕೊಟ್ಟಿದ್ದೇವೆ. ಚೊಚ್ಚಲ ಬಸುರಿ. ಕುಬಸ, ಅಂದರೆ ಸೀಮಂತ, ಮುಗಿದಿತ್ತು. ಇನ್ನು ಬಾಣಂತನಕ್ಕೆ ಅವಳನ್ನು ತವರಿಗೆ ಕರೆತರಬೇಕು. ನಮ್ಮ ಕಡೆ ಇದು ಕೇಳಿ ಮಾಡುವ ಕೆಲಸವಲ್ಲ, ಚೊಚ್ಚಲ ಹೆರಿಗೆ ತವರುಮನೆಯ ಹಕ್ಕು. ಹೆಂಡತಿ ಮಹಾದೇವಿ ಒಂದು ಖೋಲಿಯನ್ನು ಖಾಲಿ ಮಾಡಿ ಸುಣ್ಣ ಹೊಡೆಸಿದ್ದಳು. ಅಂಟಿನುಂಡೆಗೆ ಕೊಬ್ಬರಿ ತುರಿದು ಡಬ್ಬಿ ತುಂಬಿದ್ದಳು. ಇಷ್ಟೆಲ್ಲ ಆಗುವಾಗ ಸವಿತಾಳ ಅತ್ತೆ, ನಮ್ಮ ಬೀಗತಿ ಗಂಗಾಬಾಯಿಯವರು, ಫೋನಿನಲ್ಲಿ ಬೇರೆಯೇ ರಾಗ ತೆಗೆದರು. “ರಸ್ತಾ ಸರಿ ಇಲ್ರಿ ಬೀಗ್ರ. ಅಷ್ಟ ದೂರ ಯಾಕ? ಬಾಣಂತನ ಇಲ್ಲೇ ಮಾಡೂಣಲ್ರಿ.” ಒಮ್ಮೆ ಅಂದರೆ ಉಪಚಾರದ ಮಾತು ಎನ್ನಬಹುದು. ಪ್ರತಿ ಸಲವೂ ಅದೇ. ಮಹಾದೇವಿ ಕಣ್ಣೀರು ಹಾಕಿದಳು. ನಾನು ಬೀಗತಿಯನ್ನು ಗಟವಾಣಿ ಎಂದೆ. ಇನ್ನೂ ಏನೇನೋ ಅಂದೆ, ಅದನ್ನೆಲ್ಲ ಇಲ್ಲಿ ಬರೆಯಲಾರೆ. ರಸ್ತೆ ನೆಪವಾದರೆ ನಾನೇ ನನ್ನ ಕಾರು ತೆಗೆದುಕೊಂಡು ಹೋಗಿ, ಹೂವಿನ ಹಾಗೆ ಕೂರಿಸಿಕೊಂಡು ಬರುತ್ತೇನೆ, ಅವರು ಅದು ಹೇಗೆ ಒಲ್ಲೆ ಅಂತಾರೋ ನೋಡುತ್ತೇನೆ ಎಂದು ಹೊರಟೆ.

ಹೊರಡುವ ದಿನ ಬೆಳಿಗ್ಗೆ ಪೆಟ್ರೋಲ್ ಹಾಕಿಸಿ ಬಂದು, ಮನೆಯ ಮುಂದಿನ ಇಳಿಜಾರಿನಲ್ಲಿ ಕಾರು ನಿಲ್ಲಿಸಿ, ಎಂಜಿನ್ ಆರಿಸಿದ ಕೂಡಲೇ ಕಡ್ಡಿ ಎಳೆದು ನೋಡಿದೆ. ಎಣ್ಣೆ ಕೆಳಗಿನ ಗೆರೆಗಿಂತಲೂ ಕೆಳಗಿತ್ತು. ಗಾಡಿ ಸಪಾಟು ನೆಲದ ಮೇಲೆ ನಿಂತಿರಬೇಕು, ಎಂಜಿನ್ ಆರಿಸಿದ ಮೇಲೆ ಎಣ್ಣೆ ಕೆಳಗಿಳಿಯಲು ಸ್ವಲ್ಪ ಹೊತ್ತು ಕೊಡಬೇಕು ಎಂಬುದು ನನಗೆ ಗೊತ್ತಿರದ ಸಂಗತಿಯಲ್ಲ. ಚಹಾದಂಗಡಿಯಲ್ಲಿ ಅದನ್ನೂ ಉಪದೇಶಿಸಿದ್ದೇನೆ. ಆದರೆ ಅಂದು ಆತುರ. ಹೊಸ ಡಬ್ಬಿ ಒಡೆದು ಅರ್ಧ ಸುರಿದೆ. ಆಗಲೇ ಸಾಕಾಗಿರಬೇಕು, ಹೆಚ್ಚೂ ಆಗಿರಬೇಕು. ಬುತ್ತಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಮಹಾದೇವಿ, “ಸಾಕಾತೇನ್ರಿ?” ಎಂದಳು. ಡಬ್ಬಿಯಲ್ಲಿ ಇನ್ನೂ ಅರ್ಧ ಉಳಿದಿತ್ತು. “ದೂರದ ದಾರಿ, ಬಸುರಿ ಮಗಳನ್ನ ತರೂದೈತಿ. ಇರ್ಲಿ ಬಿಡು” ಎಂದು ಉಳಿದದ್ದನ್ನೂ ಸುರಿದು, ಡಬ್ಬಿಯನ್ನು ಬೋರಲು ಹಾಕಿ ತಳ ಬಡಿದೆ.

ಆ ತಳ ಬಡಿಯುವ ಕೈ ನನ್ನದಲ್ಲ, ನಮ್ಮ ಆಯಿಯದು. ತಂದೆಯ ತಾಯಿ. ಹೂವಿನ ಹಿಪ್ಪರಗಿಯ ನಮ್ಮ ಮನೆಯಲ್ಲಿ ಅವಳು ಬಡಿಸಲು ನಿಂತರೆ ಉಣ್ಣುವವರಿಗೆ ಬೇರೆ ದಾರಿ ಇರಲಿಲ್ಲ. ಅವಳ ಲೆಕ್ಕದಲ್ಲಿ ಮೊದಲ ಸಲ ಸಾಕು ಅಂದರೆ ಅದು ಸಂಕೋಚ, ಎರಡನೇ ಸಲ ಅಂದರೆ ಮರ್ಯಾದೆ, ಮೂರನೇ ಸಲ ಅಂದರೆ ಹೊಟ್ಟೆಯಲ್ಲಿ ಇನ್ನೂ ಜಾಗವಿದೆ ಎಂದು ಅರ್ಥ. ತಾಟಿನ ಮೇಲೆ ಯಾರಾದರೂ ಕೈ ಅಡ್ಡ ಹಿಡಿದರೆ ಆ ಕೈಯ ಮೇಲೆಯೇ ತುಪ್ಪ ಸುರಿಯುತ್ತಿದ್ದಳು. ತುಪ್ಪ ಬೆರಳ ಸಂದಿಯಿಂದ ಇಳಿದು ಹೋಳಿಗೆಯ ಮೇಲೆ ಬೀಳುತ್ತಿತ್ತು, ಆಮೇಲೆ ಕೈ ತೆಗೆಯಲೇಬೇಕು. ಬಡಿಸಲು ತಂದ ಪಾತ್ರೆಯಲ್ಲಿ ಉಳಿಸಿಕೊಂಡು ಒಳಗೆ ಹೋದರೆ ಕೊಡುವ ಮನಸ್ಸಿಲ್ಲದವರು ಎಂದಾಗುತ್ತದೆ, ಅದಕ್ಕೇ ಗಿಂಡಿಯ ತಳ ಬಡಿಯುತ್ತಿದ್ದಳು. ಒಮ್ಮೆ ನಮ್ಮ ದೊಡ್ಡ ಸೋದರಮಾವ ಬಾಗೇವಾಡಿಯ ದನದ ಸಂತೆಗೆ ಹೊರಟವನು ನಡುವೆ ನಮ್ಮಲ್ಲಿ ಉಣ್ಣಲು ಕುಳಿತ. ಎದ್ದು ಕಟ್ಟೆಯವರೆಗೆ ಹೋಗಿ ಅಲ್ಲೇ ಉರುಳಿದವನು ಸಂತೆ ಮುಗಿಯುವ ಹೊತ್ತಿಗೆ ಕಣ್ಣು ಬಿಟ್ಟ. ಎತ್ತು ಕೊಳ್ಳಲು ಆಗಲಿಲ್ಲ ಎಂದು ಅವನು ಗೊಣಗಿದರೆ ಆಯಿಗೆ ಹಿಗ್ಗು. “ಉಂಡವ್ರು ನಡಕೋಂತ ಹೋದ್ರ ಅದೆಂಥಾ ಊಟಾನಪಾ?” ಎಂದಳು. ಇದನ್ನು ಪ್ರೀತಿ ಎಂದು ತಿಳಿದೇ ನಾನು ಬೆಳೆದೆ. ಸುಳ್ಳು ಹೇಳಬಾರದು, ಅದು ಪ್ರೀತಿಯೇ ಆಗಿತ್ತು.

ತಾಂಬಾ ದಾಟುವವರೆಗೆ ಕಾರು ತಕರಾರಿಲ್ಲದೆ ಓಡಿತು. ದೇವರ ಹಿಪ್ಪರಗಿ ಬಿಟ್ಟ ಮೇಲೆ ಸಣ್ಣ ಏರಿನಲ್ಲಿ ಅದರ ದಮ್ಮು ಹೋಯಿತು. ಆಕ್ಸಲರೇಟರ್ ಒತ್ತಿದರೆ ಸದ್ದು ಏರುತ್ತದೆ, ಗಾಡಿ ಏರುವುದಿಲ್ಲ. ಮೂರನೇ ಗೇರಿನಿಂದ ಎರಡಕ್ಕೆ ಇಳಿದೆ. ಹಿಂದಿನಿಂದ ಬಂದ ಬೈಕಿನವನೊಬ್ಬ ಮೂಗಿಗೆ ಟವೆಲ್ ಒತ್ತಿಕೊಂಡು ನನ್ನ ಕಿಟಕಿಯ ಪಕ್ಕಕ್ಕೆ ಬಂದು ಕೂಗಿದ. “ಯಜಮಾನ್ರ, ಹಿಂದ ನೋಡ್ರಿ! ಬಣವಿಗಿ ಬೆಂಕಿ ಹತ್ತಿದಂಗ ಐತಿ!”

ಬೇವಿನ ಮರದ ಕೆಳಗೆ ನಿಲ್ಲಿಸಿ ಇಳಿದು ನೋಡಿದೆ. ಹೊಗೆ ನೀಲಿಯಾಗಿತ್ತು. ಈಗ ಹೇಳುವಾಗ ನೀಲಿ ಎನ್ನುತ್ತೇನೆ, ಆಗ ಹಾಗೆ ಅನ್ನಲಿಲ್ಲ. ನೀಲಿ ಎಂದು ಒಪ್ಪಿಕೊಂಡರೆ ಎಣ್ಣೆಯ ದೋಷ ಎಂದು ಒಪ್ಪಬೇಕು. ಎಣ್ಣೆಯನ್ನು ಬೆಳಿಗ್ಗೆ ನನ್ನ ಕೈಯಾರೆ ಹಾಕಿದ್ದೇನೆ. ಆದ್ದರಿಂದ ಅದು ನೀಲಿಯಾಗಿರಲು ಸಾಧ್ಯವೇ ಇರಲಿಲ್ಲ. ಬಿಸಿಲಿಗೆ ಹಾಗೆ ಕಾಣುತ್ತದೆ, ನಿಜವಾಗಿ ಬಿಳಿ ಎಂದು ತೀರ್ಮಾನಿಸಿ, ಎಂಜಿನ್ ತಣ್ಣಗಾಗುವವರೆಗೆ ಕಾದು, ರೇಡಿಯೇಟರಿನ ನೀರು ನೋಡಿದೆ. ತುಂಬಿತ್ತು. ಹಾಗಾದರೆ ಕಪ್ಪು ಇರಬಹುದು ಎಂದು ಗಾಳಿಯ ಫಿಲ್ಟರ್ ಬಿಚ್ಚಿ ಮರಕ್ಕೆ ಬಡಿದೆ. ಒಂದಿಷ್ಟು ಧೂಳು ಬಿತ್ತು, ಜೋಳದ ಹೊಟ್ಟು ಬಿತ್ತು. ಸ್ಟಾರ್ಟ್ ಮಾಡಿದರೆ ಹೊಗೆ ಮೊದಲಿನಂತೆಯೇ. ಪೆಟ್ರೋಲಿನಲ್ಲಿ ಕಲಬೆರಕೆ ಇದೆ ಎಂದು ಬಂಕಿನವರನ್ನು ಬೈದುಕೊಂಡು ಮುಂದೆ ಹೊರಟೆ. ಹೂವಿನ ಹಿಪ್ಪರಗಿಯಲ್ಲಿ ಯಾರಾದರೂ ಗುರುತಿನವರು ನೋಡಿಯಾರು ಎಂದು ಕಿಟಕಿಯ ಗಾಜು ಏರಿಸಿ, ತಲೆ ತಗ್ಗಿಸಿ ಹಾದು ಹೋದೆ. ಹುಟ್ಟಿದ ಊರಲ್ಲಿ ಕಳ್ಳನಂತೆ ಹೋದದ್ದು ಅದೇ ಮೊದಲು.

ಬಾಗೇವಾಡಿಯ ಹೊರಗೆ ಮತ್ತೆ ನಿಲ್ಲಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿದೆ. ಪ್ಲಗ್ಗಿನ ಮೂತಿ ಒಣಗಿರಬೇಕು. ನನ್ನದು ಬಜ್ಜಿಯ ಹಾಗೆ ಎಣ್ಣೆಯಲ್ಲಿ ನೆಂದಿತ್ತು. ಎಲ್ಲ ಪ್ಲಗ್ಗೂ ಹಾಗೆಯೇ. ಈಗ ಎಣ್ಣೆ ಅಲ್ಲ ಎನ್ನುವಂತಿರಲಿಲ್ಲ. ಆದರೆ ತಪ್ಪು ನನ್ನದಲ್ಲ ಎನ್ನಲು ಇನ್ನೂ ಒಂದು ದಾರಿ ಉಳಿದಿತ್ತು. ಪಿಸ್ಟನ್ನಿನ ರಿಂಗು ಸವೆದಿದ್ದರೂ ಎಣ್ಣೆ ಮೇಲೇರಿ ಉರಿಯುತ್ತದೆ. ಅಂದರೆ ಸಿಂದಗಿಯ ದಸ್ತಗೀರಸಾಬರು ರಿಂಗು ಹೋದ ಗಾಡಿಯನ್ನು ನನ್ನ ಕೊರಳಿಗೆ ಕಟ್ಟಿದ್ದಾರೆ! ಅಲ್ಲೇ ನಿಂತು ಫೋನ್ ಮಾಡಿದೆ. ಬಾಯಿಗೆ ಬಂದದ್ದು ಅಂದೆ. ಮಗಳನ್ನು ಕರೆತರಲು ಹೊರಟವನಿಗೆ ಇಂಥ ಮೋಸ ಮಾಡಬಹುದೇ ಎಂದೆ.

ಅವರು ಎಲ್ಲ ಕೇಳಿಸಿಕೊಂಡು, “ನನ್ನ ಕಡೆ ಇದ್ದಾಗ ಒಂದ್ ಎಳಿ ಹೊಗಿ ಬಂದಿಲ್ರಿ. ಎಣ್ಣಿ ಜಾಸ್ತಿ ಆಗೇತೇನ ನೋಡ್ರಿ” ಎಂದರು.

“ಜಾಸ್ತಿ ಆದ್ರ ಏನ್ರಿ ಕೆಡತೈತಿ? ನಮ್ಮನ್ಯಾಗ ಕಡಿಮಿ ಹಾಕಿ ರೂಢಿ ಇಲ್ಲ!” ಎಂದು ಫೋನ್ ಇಟ್ಟೆ.

ಇದಾದ ಎಷ್ಟೋ ದಿನಗಳ ಮೇಲೆ ಕ್ಷಮೆ ಕೇಳಲು ಅವರ ಅಂಗಡಿಗೆ ಹೋದೆ. ನಾನು ಬಾಯಿ ತೆರೆಯುವ ಮೊದಲೇ ಚಹಾ ತರಿಸಿದರು. ನನ್ನ ಮುಂದೆ ಅರ್ಧ ಕಪ್ ಇಟ್ಟು, “ಇಷ್ಟ ಸಾಕೋ, ಇನ್ನೀಟ ಹಾಕಿಸ್ಲ್ಯೋ?” ಎಂದು ನಕ್ಕರು. ಬೈದಿದ್ದರೆ ಚೆನ್ನಾಗಿತ್ತು.

ಮುದ್ದೇಬಿಹಾಳದ ಬೀಗರ ಓಣಿ ಕಿರಿದು. ಶ್ಯಾವಿಗೆಯ ಕಾಲ. ಬೀಗರ ಪಕ್ಕದ ಮನೆಯವರು ಎರಡು ಹೊರಸುಗಳ ನಡುವೆ ಬಿದಿರ ಕೋಲುಗಳನ್ನು ಇಟ್ಟು, ಅದರ ತುಂಬ ಹಸಿ ಶ್ಯಾವಿಗೆಯ ಎಳೆಗಳನ್ನು ಒಣಹಾಕಿದ್ದರು. ಹೆಂಗಸರು ನೆರಳಲ್ಲಿ ಕುಳಿತು ಕಾಯುತ್ತಿದ್ದರು. ಅಲ್ಲಿಗೆ ನಾನು ಬಂದೆ. ಗಾಳಿ ಹಿಂದಿನಿಂದ ಬೀಸಿತು. ಹೊಗೆ ನನ್ನನ್ನು ದಾಟಿಕೊಂಡು ಮುಂದೆ ಹೋಗಿ ಶ್ಯಾವಿಗೆಯನ್ನೂ ಹೆಂಗಸರನ್ನೂ ಮುಚ್ಚಿತು. ಒಳಗಿನಿಂದ ಕೆಮ್ಮು ಕೇಳಿತು, “ಯಾರದವ್ವಾ ಇದು ಭಟ್ಟಿ?” ಎಂದು ಮುದುಕಿಯೊಬ್ಬಳ ದನಿ ಕೇಳಿತು, “ನಮ್ಮ ಸವಿತಾನ ಅಪ್ಪ ಬಂದಾರ ತಡೀರಿ” ಎಂದು ಇನ್ನೊಂದು ದನಿ. ಹೊಗೆ ಸರಿದಾಗ ಬಾಗಿಲಲ್ಲಿ ಸವಿತಾ ನಿಂತಿದ್ದಳು, ಒಂದು ಕೈ ಹೊಟ್ಟೆಯ ಮೇಲೆ, ಇನ್ನೊಂದು ಕೈಯಿಂದ ಮೂಗಿಗೆ ಸೆರಗು. ಬಸುರಿ ಮಗಳಿಗೆ ನಾನು ತಂದ ಮೊದಲ ಉಡುಗೊರೆ ಅದು. ಎಂಜಿನ್ ಆರಿಸಿ ಇಳಿದೆ.

ಈಗ ಗಂಗಾಬಾಯಿಯವರು, “ಈ ಗಾಡ್ಯಾಗ ನಮ್ಮ ಸೊಸೀನ ಕಳಸಂಗಿಲ್ಲ” ಎನ್ನುತ್ತಾರೆ ಎಂದು ಕಾದೆ. ಅವರು ಹೊಗೆಯ ಮಾತೇ ಎತ್ತಲಿಲ್ಲ. “ಬರ್ರಿ ಬೀಗ್ರ, ಕೈಕಾಲ ತೊಳಕೋರಿ” ಎಂದು ನೀರು ಕೊಟ್ಟು, ಪಕ್ಕದ ಮನೆಯವರ ಜೊತೆ ಕೂಡಿ ಶ್ಯಾವಿಗೆಯ ಕೋಲುಗಳನ್ನು ಆಚೆ ಸರಿಸಿದರು.

ಊಟಕ್ಕೆ ಕೂತೆವು. ಗಂಗಾಬಾಯಿಯವರು ಎರಡನೇ ಹೋಳಿಗೆ ಹಾಕಲು ಬಂದಾಗ ರೂಢಿಯಂತೆ ಕೈ ಅಡ್ಡ ಹಿಡಿದು “ಸಾಕ್ರಿ ಅಕ್ಕಾರ” ಎಂದೆ. ಅವರು ನಿಂತರು. “ಸಾಕೇನ್ರಿ? ಆತು” ಎಂದು ಬುಟ್ಟಿ ಒಳಗೆ ಒಯ್ದುಬಿಟ್ಟರು! ನನಗೆ ಇನ್ನೊಂದು ಬೇಕಿತ್ತು. ಖಾಲಿ ತಾಟಿನ ಮೇಲೆ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಕುಳಿತಿದ್ದೆ. ಎದುರಿಗೆ ಸವಿತಾ ಒಂದು ಚೂರು ಜೋಳದ ರೊಟ್ಟಿ, ಪಲ್ಯ, ಮಜ್ಜಿಗೆ ತೆಗೆದುಕೊಂಡು ಊಟ ಮುಗಿಸುತ್ತಿದ್ದಳು. ಯಾರೂ ಅವಳಿಗೆ ಏನೂ ಹೇಳುತ್ತಿರಲಿಲ್ಲ. ಮಗಳನ್ನು ಉಪವಾಸ ಕೆಡವಿದ್ದಾರೆ ಎನ್ನಿಸಿತು. ಮಹಾದೇವಿ ಕಟ್ಟಿಕೊಟ್ಟ ಬುತ್ತಿ ಬಿಚ್ಚಿ ಶೇಂಗಾ ಹೋಳಿಗೆ ತೆಗೆದೆ. “ಒಲ್ಲೆಪ್ಪಾ” ಎಂದು ಅವಳು ತಾಟಿನ ಮೇಲೆ ಕೈ ಅಡ್ಡ ಹಿಡಿದಳು. ನಾನು ಹೋಳಿಗೆಯನ್ನು ಅವಳ ಕೈಯ ಮೇಲೆಯೇ ಇಟ್ಟೆ.

ಸವಿತಾ ಹೋಳಿಗೆಯನ್ನು ಎತ್ತಿ, ಮುರಿಯದೆ, ಬುತ್ತಿಯ ಬಟ್ಟೆಯ ಮೇಲೆ ವಾಪಸು ಇಟ್ಟಳು. ಎದ್ದು ಕೈ ತೊಳೆಯಲು ಹೋದಳು.

ನಾನು ಹೊರಗೆ ಬಂದು ಬಾನೆಟ್ ಎತ್ತಿ ನಿಂತೆ. ಏನಾದರೂ ಒಂದು ಕೆಲಸ ಬೇಕಿತ್ತು. ಸ್ವಲ್ಪ ಹೊತ್ತಿಗೆ ಸವಿತಾ ಬಂದು ಪಕ್ಕದಲ್ಲಿ ನಿಂತಳು.

“ಅಪ್ಪಾ, ಎಣ್ಣಿ ಎಷ್ಟ ಹಾಕಿದಿ?”

“ಬೇಕಾದಷ್ಟ.”

“ಡಬ್ಬಿ ತಳಾ ಬಡದಿಯೇನು?”

ಬನಿಯನ್ನಿನ ತುಂಡಿನಿಂದ ಕೈ ಒರೆಸಿಕೊಂಡೆ. “ಈಗ ಎಂಜಿನ್ ತಣ್ಣಗ ಆಗೇತಿ, ನೆಲಾನೂ ಸಪಾಟ ಐತಿ. ತಗದು ನೋಡು” ಎಂದಳು. ಕಡ್ಡಿ ಎಳೆದು, ಒರೆಸಿ, ಮತ್ತೆ ಇಳಿಸಿ ಎಳೆದೆ. ಎಣ್ಣೆ ಮೇಲಿನ ಗೆರೆಯನ್ನು ದಾಟಿ ಹೆಬ್ಬೆರಳಿನಷ್ಟು ಮೇಲೆ ಹೋಗಿತ್ತು, ಜೊತೆಗೆ ನೊರೆ. ಹೆಚ್ಚಾದ ಎಣ್ಣೆಯನ್ನು ಎಂಜಿನ್ ಕಡೆದು ಕಡೆದು, ತಡೆದುಕೊಳ್ಳಲಾರದೆ, ಉಸಿರಾಡುವ ದಾರಿಯಿಂದಲೇ ಮೇಲಕ್ಕೆ ತಳ್ಳಿ ಸುಡುತ್ತಿತ್ತು. ರಿಂಗಿಗೆ ಏನೂ ಆಗಿರಲಿಲ್ಲ. ಪೆಟ್ರೋಲಿಗೂ ಏನೂ ಆಗಿರಲಿಲ್ಲ. ಸವಿತಾ ನಕ್ಕಳು, ಚಿಕ್ಕವಳಿದ್ದಾಗ ನಗುತ್ತಿದ್ದ ಹಾಗೆ. ಆಮೇಲೆ ನಗು ನಿಲ್ಲಿಸಿದಳು.

“ಅಪ್ಪಾ, ಕುಬಸದ ದಿನ ನೀವು ಒತ್ತಿ ಒತ್ತಿ ಉಣ್ಣಿಸಿ ಹೋದಮ್ಯಾಲ ರಾತ್ರಿಯೆಲ್ಲಾ ವಾಂತಿ ಮಾಡ್ಕೊಂಡೇನಿ. ದವಾಖಾನಿಗೆ ಒಯ್ದ್ರು. ಸಕ್ರಿ ಏರೇತಿ, ಅಳತ್ಯಾಗ ಉಣ್ಣಬೇಕು, ಇಲ್ಲಂದ್ರ ಕೂಸಿಗಿ ತ್ರಾಸ ಆಗತೈತಿ ಅಂದ್ರು ಡಾಕ್ಟರಮ್ಮ.”

“ನಮಗ್ಯಾಕ ಹೇಳಲಿಲ್ಲವ್ವಾ?”

“ಹೇಳಿದ್ನಲ್ಲಪ್ಪಾ. ಬಸರಿದ್ದಾಗ ಇಬ್ಬರ ಊಟಾ ಉಣಬೇಕು, ಡಾಕ್ಟರಿಗೇನ ತಿಳೀತೈತಿ ಅಂದ್ಲು ಅವ್ವ. ನೀನೂ ಬಾಜೂಕ ಕುಂತ ಹಂಗ ಅಂದಿ.”

ಅಂದಿದ್ದೆ. ನೆನಪಾಯಿತು. ಅಂದು ನಗುತ್ತಲೇ ಅಂದಿದ್ದೆ.

“ಇಲ್ಲೆ ನಾ ಸಾಕು ಅಂದ್ರ ಸಾಕು. ಅಲ್ಲೆ ನಾ ಎಷ್ಟ ಅಂದ್ರೂ ನೀವು ಕೇಳಂಗಿಲ್ಲ. ನಿಮಗ ಎದುರಾಡೂ ಧೈರ್ಯನೂ ನನಗಿಲ್ಲ. ನಾ ಬರೂದಿಲ್ಲಪ್ಪಾ. ರಸ್ತಾ ಸರಿ ಇಲ್ಲ ಅಂತ ಅತ್ತಿ ಕಡಿಂದ ಹೇಳಿಸಿದಾಕಿ ನಾನ. ಅತ್ತಿನ ಅಂದ್ರು, ನಿನ್ನ ಹೆಸರ ತಗದ್ರ ನಿಮ್ಮವ್ವಗ ಸಂಕಟ ಆಗತೈತಿ, ನನ್ನ ಮ್ಯಾಲ ಇರ್ಲಿ ಬಿಡು ಅಂತ.”

ಕಡ್ಡಿ ಕೈಯಲ್ಲೇ ಇತ್ತು. ಅದರ ತುದಿಯಿಂದ ಎಣ್ಣೆ ತೊಟ್ಟಿಕ್ಕಿ ನನ್ನ ಧೋತರದ ಮೇಲೆ ಬಿತ್ತು. ನಾನು ಗಟವಾಣಿ ಎಂದ ಹೆಂಗಸು ಒಳಗೆ ನನ್ನ ಮಗಳ ತಾಟು ತೊಳೆಯುತ್ತಿದ್ದಳು. ನೆಲ ಬಾಯಿಬಿಟ್ಟರೆ ಇಳಿದು ಹೋಗಬೇಕು ಎನ್ನಿಸುವುದು ಬರಿಯ ಮಾತಲ್ಲ, ನನಗೆ ಹಾಗೇ ಅನ್ನಿಸಿತು.

ಸವಿತಾಳ ಮಾವ, ನಮ್ಮ ಬೀಗರು, ಒಂದು ಹಳೆಯ ಬೋಗುಣಿಯನ್ನೂ ಬೋಲ್ಟ್ ಬಿಚ್ಚುವ ಪಾನಾವನ್ನೂ ತಂದರು. ಇಬ್ಬರೂ ಸೇರಿ ಕೆಳಗಿನ ಬೋಲ್ಟ್ ಸಡಿಲಿಸಿ ಎಣ್ಣೆಯನ್ನು ಬೋಗುಣಿಗೆ ಇಳಿಸಿದೆವು. ಆಮೇಲೆ ಸ್ವಲ್ಪ ಸ್ವಲ್ಪವೇ ವಾಪಸು ಹಾಕುತ್ತ, ಕಾಯುತ್ತ, ಕಡ್ಡಿ ಎಳೆಯುತ್ತ ಗೆರೆಯ ಕೆಳಗೆ ನಿಲ್ಲಿಸಿದೆ. ಬೋಗುಣಿಯಲ್ಲಿ ಎಣ್ಣೆ ಉಳಿಯಿತು. ಉಳಿಸಿ ಒಳಗೆ ಕಳಿಸಿದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ಪ್ಲಗ್ ಒರೆಸಿ ಹಾಕಿ, ಊರ ಹೊರಗಿನ ಬಯಲಿಗೆ ಒಯ್ದು, ಒಳಗೆ ಉಳಿದಿದ್ದ ಹೊಗೆಯೆಲ್ಲ ಹೋಗುವವರೆಗೆ ಎಂಜಿನ್ ಓಡಿಸಿ ವಾಪಸು ಬಂದೆ.

ಹೊರಡುವ ಮೊದಲು ಗಂಗಾಬಾಯಿಯವರ ಮುಂದೆ ನಿಂತು, “ಅಕ್ಕಾರ, ಮನಿಯಾಗ ನಾ ನಿಮಗ ಭಾಳ ಅಂದೇನ್ರಿ” ಎಂದೆ.

“ಗೊತ್ತೈತ್ರಿ. ಬಿಕ್ಕಳಿಕಿ ಬರ್ತಿದ್ವು” ಎಂದರು. ನಕ್ಕರು.

ಅಷ್ಟರಲ್ಲಿ ಮಹಾದೇವಿಯ ಫೋನ್ ಬಂತು. “ಹೊಂಟ್ರೇನ್ರಿ? ಆಕೀನ ಹಿಂದಿನ ಸೀಟಿನ್ಯಾಗ ಮಲಗಿಸಿಕೊಂಡ ಬರ್ರಿ, ಕೌದಿ ಹಾಸೇನಿ.” ಗಾಡಿ ಕೆಟ್ಟಿದೆ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೊಗೆಯಂಥ ಒಳ್ಳೆಯ ನೆಪ ಮತ್ತೆ ಸಿಗುತ್ತಿರಲಿಲ್ಲ. ನಾಲಿಗೆಯ ತುದಿಗೂ ಬಂದಿತ್ತು.

“ಆಕಿ ಬರಾಕ ಒಲ್ಲೆ ಅಂದಾಳ. ಬೀಗತ್ಯಾರದೇನೂ ತಪ್ಪಿಲ್ಲ. ತಪ್ಪ ನಮ್ಮದೈತಿ. ಬಂದ ಹೇಳ್ತೇನಿ” ಎಂದೆ.

ಆ ಕಡೆಯಿಂದ ಸಣ್ಣ ದನಿಯಲ್ಲಿ, “ಹೋಳಿಗಿ ಉಂಡ್ಲೇನ್ರಿ?” ಎಂದು ಕೇಳಿದಳು.

“ಇಲ್ಲ.”

ಕಾರು ಸ್ಟಾರ್ಟ್ ಮಾಡಿದೆ. ಒಂದೇ ಏಟಿಗೆ ಹಿಡಿಯಿತು, ಹಗುರಾಗಿ ಎಳೆಯಿತು. ಒಣಗಿದ ಶ್ಯಾವಿಗೆಯನ್ನು ಹೆಂಗಸರು ಬುಟ್ಟಿಗೆ ತೆಗೆಯುತ್ತಿದ್ದರು, ಒಬ್ಬಳೂ ಮೂಗು ಮುಚ್ಚಲಿಲ್ಲ. ಓಣಿಯ ತಿರುವಿನವರೆಗೆ ಕನ್ನಡಿಯನ್ನೇ ನೋಡುತ್ತ ಹೋದೆ. ಅದರಲ್ಲಿ ಮೊದಲು ಹಿಂದಿನ ಸೀಟಿನ ಮೇಲೆ ಮಹಾದೇವಿ ಹಾಸಿಕೊಟ್ಟ ಕೌದಿ ಕಾಣುತ್ತಿತ್ತು, ಅದರಾಚೆ ಬಾಗಿಲಲ್ಲಿ ನಿಂತ ಮಗಳು. ನಡುವೆ ಹೊಗೆ ಇರಲಿಲ್ಲ.